ನೂರು ವ್ಯಾಟ್ ಎಚ್‌ಎಫ್ ಸೆಟ್‌ಗೆ ಪವರ್ ಸಪ್ಲೈ: ಎಸ್‌ಎಂಪಿಎಸ್, ಹಳೇ ಲೀನಿಯರ್, ಇನ್ವರ್ಟರ್ ಬ್ಯಾಟರಿ, ಯಾವುದು ಸರಿ?

ಅಡಿಕೆ_ಚಪ್ಪರ, ಶಿರಸಿ ಹತ್ತಿರ

ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ) ರೇಡಿಯೋ ಲೈಸೆನ್ಸ್ ಕೈಗೆ ಬಂತು, ಜನರಲ್ ಗ್ರೇಡ್. ಪರಿಚಯದ ಹ್ಯಾಮ್ ಒಬ್ಬರಿಂದ ಹಳೇ ಐಕಾಮ್ ಐಸಿ-718 ತಗೊಂಡಿದ್ದೇನೆ, ನೂರು ವ್ಯಾಟಿನ ಎಚ್‌ಎಫ್ (ಶಾರ್ಟ್‌ವೇವ್) ಸೆಟ್. ಆಂಟೆನಾಕ್ಕೆ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಜ್) ಡೈಪೋಲ್ ಕಟ್ಟಿದ್ದೂ ಆಯಿತು. ಈಗ ಪವರ್ ಸಪ್ಲೈ ಹತ್ತಿರ ಬಂದು ನಿಂತಿದ್ದೇನೆ.

ನನ್ನ ಮುಂದೆ ಮೂರು ದಾರಿ ಇದೆ. ಒಂದು, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ 12 ವೋಲ್ಟ್ 30 ಆಂಪಿಯರ್ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ). ಎಲ್‌ಇಡಿ ಬೋರ್ಡ್‌ಗಳಿಗೆ ಹಾಕುತ್ತಾರಲ್ಲ, ತೂತು ತೂತು ತಗಡಿನ ಡಬ್ಬಿ, ಅದೇ. ಎರಡು, ಸೆಟ್ ಕೊಟ್ಟವರ ಹತ್ತಿರವೇ ಇರುವ ಹಳೇ ಲೀನಿಯರ್ ಸಪ್ಲೈ. ದೊಡ್ಡ ಟ್ರಾನ್ಸ್‌ಫಾರ್ಮರ್, ಹಿಂದೆ ಆರು 2ಎನ್3055 ಟ್ರಾನ್ಸಿಸ್ಟರ್, ಎತ್ತೋಕೆ ಎರಡು ಕೈ ಬೇಕು. ಮೂರು, ಮನೆಯಲ್ಲೇ ಇರುವ ಇನ್ವರ್ಟರಿನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ.

ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ತೋಟದ ಪಂಪ್‌ಗಳು ಶುರುವಾದರೆ ಮನೆಯಲ್ಲಿ 185 ವೋಲ್ಟ್ ತೋರಿಸುತ್ತದೆ. ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ಕತ್ತಲೆ. ದಯವಿಟ್ಟು ಹೇಳಿ, ಯಾವುದನ್ನು ಹಿಡಿಯಲಿ?

ಎಸ್‌ಪಿ_ರೋಡ್_ಸಂಚಾರಿ, ಬೆಂಗಳೂರು

ಹೊಸ ಲೈಸೆನ್ಸ್‌ಗೆ ಅಭಿನಂದನೆ! ನಾನು ಆ ತೂತು ಡಬ್ಬಿಯನ್ನೇ ಮೂರು ವರ್ಷದಿಂದ ಓಡಿಸುತ್ತಿದ್ದೇನೆ. ಹಗುರ, ಅಗ್ಗ, ಮತ್ತು ವೋಲ್ಟೇಜ್ ಇಳಿದರೂ ಅಲ್ಲಾಡಲ್ಲ. ಟರ್ಮಿನಲ್ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ 12ರಿಂದ 13.8 ವೋಲ್ಟ್‌ಗೆ ಏರುತ್ತದೆ. ಮಲ್ಟಿಮೀಟರ್ ಇಟ್ಟುಕೊಂಡು ನಿಧಾನ ತಿರುಗಿಸಿ. ಸೆಟ್ ಜೋಡಿಸುವ ಮೊದಲು, ಆಮೇಲಲ್ಲ.

ಒಂದು ಎಚ್ಚರಿಕೆ. ಡಬ್ಬಿಯ ಪಕ್ಕದಲ್ಲಿ 115/230 ಅಂತ ಸಣ್ಣ ಸ್ಲೈಡ್ ಸ್ವಿಚ್ ಇರಬಹುದು. ಅದು 115ರಲ್ಲಿದ್ದಾಗ ನಮ್ಮ ಪ್ಲಗ್ಗಿಗೆ ಹಾಕಿದರೆ ಒಳಗಿನ ಕೆಪಾಸಿಟರ್ ಪಟ್ ಅಂತ ಒಡೆಯುತ್ತದೆ. ಹೊಸ ಪೀಸಿನಲ್ಲೂ ಮೊದಲು ಅದನ್ನೇ ನೋಡಿ.

ನಲವತ್ತು_ಮೀಟರ್, ಸಾಗರ

ತಮ್ಮಾ, ನಾನೂ ಮಲೆನಾಡಿನವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಎಲ್ಲರೂ ಮೊದಲು "ಎಷ್ಟು ಆಂಪಿಯರ್" ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ: ಈ ಸಪ್ಲೈ ಕೆಟ್ಟರೆ ನನ್ನ ಸೆಟ್‌ಗೆ ಏನಾಗುತ್ತದೆ? ಯಾಕೆ ಅಂದರೆ ಸಪ್ಲೈ ಒಂದಲ್ಲ ಒಂದು ದಿನ ಕೆಡುತ್ತದೆ. ಅದು ಸುಮ್ನೆ ಸತ್ತು ಮಲಗಿದರೆ ತೊಂದರೆ ಇಲ್ಲ. ಸಾಯುವಾಗ ಸೆಟ್ಟನ್ನೂ ಕರೆದುಕೊಂಡು ಹೋದರೆ?

ಲೀನಿಯರ್ ಒಳಗೆ ಏನಿದೆ ನೋಡಿ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಸುಮಾರು 18ಕ್ಕೆ ಇಳಿಸುತ್ತದೆ. ಬ್ರಿಜ್ ಅದನ್ನು ಡಿಸಿ ಮಾಡುತ್ತದೆ. ದೊಡ್ಡ ಕೆಪಾಸಿಟರ್‌ನಲ್ಲಿ ಲೋಡ್ ಇಲ್ಲದಾಗ 24 ವೋಲ್ಟ್ ನಿಂತಿರುತ್ತದೆ. ಆ 24ಕ್ಕೂ ನಿಮ್ಮ ಸೆಟ್‌ಗೂ ನಡುವೆ ಇರುವ ಗೇಟು ಅಂದರೆ ಆ 2ಎನ್3055ಗಳು. ಎಲ್‌ಎಂ723 ಅನ್ನೋ ಐಸಿ ಅವುಗಳಿಗೆ "ಇಷ್ಟು ತೆರಿ, ಇಷ್ಟು ಮುಚ್ಚು" ಅಂತ ಹೇಳುತ್ತಿರುತ್ತದೆ. ಈ ಟ್ರಾನ್ಸಿಸ್ಟರ್ ಕೆಟ್ಟಾಗ ಸಾಮಾನ್ಯವಾಗಿ ಓಪನ್ ಆಗಲ್ಲ, ಶಾರ್ಟ್ ಆಗುತ್ತದೆ. ಆರರಲ್ಲಿ ಒಂದು ಶಾರ್ಟ್ ಆದರೂ ಸಾಕು, ಗೇಟು ಪೂರ್ತಿ ತೆರೆದ ಹಾಗೆ. 24 ವೋಲ್ಟ್ ನೇರ ಸೆಟ್ ಒಳಗೆ. ಐಸಿ-718 ತಡೆಯುವುದು 13.8ರ ಮೇಲೆ ಶೇ. 15, ಅಂದರೆ 15.8 ವೋಲ್ಟ್ ಚಿಲ್ಲರೆ. ಅಷ್ಟೇ.

ಇದು ನನಗೇ ಆಗಿದೆ. ನಾನೇ ಕಟ್ಟಿದ ಸಪ್ಲೈ, ಹನ್ನೊಂದು ವರ್ಷ ಚೆನ್ನಾಗಿ ನಡೆದಿತ್ತು. ಒಂದು ಸಂಜೆ ಹ್ಯಾಮ್‌ಗಳ ನೆಟ್‌ನಲ್ಲಿ (ರೇಡಿಯೋದಲ್ಲಿ ಎಲ್ಲರೂ ಸೇರುವ ಕೂಟ) ಮಾತಾಡುತ್ತಿದ್ದೆ. ಡಿಸ್ಪ್ಲೇ ಒಮ್ಮೆ ಜಾಸ್ತಿ ಬೆಳಗಿತು, ಸುಟ್ಟ ವಾಸನೆ ಬಂತು, ಮುಗಿಯಿತು. ಆ ಸೆಟ್ ನನ್ನ ಮೊದಲ ಎಚ್‌ಎಫ್ ಸೆಟ್. ಹತ್ತಾರು ದೇಶದವರ ದನಿ ಅದರಲ್ಲೇ ಮೊದಲು ಕೇಳಿದ್ದು. ಇವತ್ತಿಗೂ ಅದು ಕಪಾಟಿನಲ್ಲಿದೆ, ಎಸೆಯಲು ಮನಸ್ಸು ಬಂದಿಲ್ಲ.

ಆ ಸಪ್ಲೈಯಲ್ಲಿ ಕ್ರೋಬಾರ್ ಇರಲಿಲ್ಲ. ಕ್ರೋಬಾರ್ ಅಂದರೆ ಒಂದು ಎಸ್‌ಸಿಆರ್ (ಸ್ವಿಚ್ ಥರ ಕೆಲಸ ಮಾಡುವ ಬಿಡಿಭಾಗ), ಒಂದು ಝೀನರ್ ಡಯೋಡ್, ನಾಲ್ಕಾರು ರೆಸಿಸ್ಟರ್. ಔಟ್‌ಪುಟ್ 15 ವೋಲ್ಟ್ ದಾಟಿತೋ, ಎಸ್‌ಸಿಆರ್ ಹೊತ್ತಿಕೊಂಡು ಔಟ್‌ಪುಟ್ಟನ್ನು ಶಾರ್ಟ್ ಮಾಡಿಬಿಡುತ್ತದೆ. ಫ್ಯೂಸ್ ಹಾರುತ್ತದೆ, ಸೆಟ್ ಉಳಿಯುತ್ತದೆ. ಆ ಫ್ಯೂಸ್ ಕೆಪಾಸಿಟರ್‌ಗೂ ಟ್ರಾನ್ಸಿಸ್ಟರ್‌ಗಳಿಗೂ ನಡುವೆ ಇರಬೇಕು. ಸಾಮಾನಿಗೆ ದೊಡ್ಡ ದುಡ್ಡೇನೂ ಬೇಡ.

ಆದ್ದರಿಂದ ಆ ಹಳೇ ಲೀನಿಯರ್ ಬೇಕಾದರೆ ಮೊದಲು ಮುಚ್ಚಳ ತೆಗೆದು ಕ್ರೋಬಾರ್ ಇದೆಯಾ ನೋಡಿ. ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿಯಾಗಿದೆಯಾ ಅಂತ ಮೀಟರಿನಲ್ಲಿ ನೋಡಿಕೊಂಡು ಆಮೇಲೆ ಕೈ ಹಾಕಿ. ಕ್ರೋಬಾರ್ ಇಲ್ಲ ಅಂದರೆ ಹಾಕಿಸದೆ ಸೆಟ್ ಜೋಡಿಸಬೇಡಿ.

ಇನ್ನು ನಿಮ್ಮ 185 ವೋಲ್ಟ್. ಅದು 230ರ ಶೇ. 80. ಸೆಕೆಂಡರಿ 18 ಇದ್ದದ್ದು 14.5 ಆಗುತ್ತದೆ. ಪೀಕ್ 20.5, ಬ್ರಿಜ್‌ನಲ್ಲಿ 2 ವೋಲ್ಟ್ ಹೋಯಿತು, ಉಳಿದದ್ದು 18.5. ಮಾತಾಡುವಾಗ 20 ಆಂಪಿಯರ್ ಎಳೆದರೆ 47,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೇಲೂ ಸುಮಾರು 3.5 ವೋಲ್ಟ್ ರಿಪಲ್ (ಏರಿಳಿತ) ಬರುತ್ತದೆ. ತಳ 15ಕ್ಕೆ ಬಂತು. ರೆಗ್ಯುಲೇಟರ್‌ಗೆ 13.8ರ ಮೇಲೆ ಕನಿಷ್ಠ 3 ವೋಲ್ಟ್ ಬೇಕು, ಅಂದರೆ 17ರ ಹತ್ತಿರ. ಸಿಗಲ್ಲ. ಆಗ ಸೆಕೆಂಡಿಗೆ 100 ಸಲ ವೋಲ್ಟೇಜ್ ಕುಸಿಯುತ್ತದೆ. ನಿಮಗೆ ಏನೂ ಗೊತ್ತಾಗಲ್ಲ, ಕೇಳುವವರು "ನಿಮ್ಮ ಆಡಿಯೋದಲ್ಲಿ ಹಮ್ ಇದೆ" ಅನ್ನುತ್ತಾರೆ. ಅಂದರೆ ಆ ಸಪ್ಲೈ ಎಷ್ಟೇ ಗಟ್ಟಿಯಾಗಿದ್ದರೂ ನಿಮ್ಮ ಮನೆಯ ಸಂಜೆ ಹೊತ್ತಿಗೆ ಅದು ಸರಿಯಾದ ಜೋಡಿ ಅಲ್ಲ.

73 (ಹ್ಯಾಮ್ ಭಾಷೆಯಲ್ಲಿ ಶುಭಾಶಯ)

ಅಡಿಕೆ_ಚಪ್ಪರ, ಶಿರಸಿ ಹತ್ತಿರ

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಿಮ್ಮ ಸೆಟ್ ಬಗ್ಗೆ ಓದಿ ಬೇಜಾರಾಯಿತು.

ಹಾಗಾದರೆ ಎಸ್‌ಎಂಪಿಎಸ್ ಕೆಟ್ಟರೆ ವೋಲ್ಟೇಜ್ ಏರಲ್ವಾ? ಮತ್ತೆ 30 ಆಂಪಿಯರ್ ಅಂತ ಬರೆದಿದ್ದರೆ ನಿಜಕ್ಕೂ 30 ಕೊಡುತ್ತದಾ?

ನಲವತ್ತು_ಮೀಟರ್, ಸಾಗರ

ಎಸ್‌ಎಂಪಿಎಸ್‌ನಲ್ಲಿ ಸ್ವಿಚಿಂಗ್ ಟ್ರಾನ್ಸಿಸ್ಟರ್ ಇರುವುದು ಟ್ರಾನ್ಸ್‌ಫಾರ್ಮರಿನ ಆಚೆ ಬದಿ, ಕರೆಂಟ್ ಬರುವ ಕಡೆ. ಅದು ಶಾರ್ಟ್ ಆದರೆ ಒಳಗಿನ ಫ್ಯೂಸ್ ಹಾರಿ ಔಟ್‌ಪುಟ್ ಸೊನ್ನೆ ಆಗುತ್ತದೆ. ಸೆಟ್‌ಗೆ ಇದು ಒಳ್ಳೆಯ ಸಾವು. ಆದರೆ ವೋಲ್ಟೇಜ್ ಅಳೆದು ಹಿಂದಕ್ಕೆ ಹೇಳುವ ಭಾಗ ಕೆಟ್ಟರೆ ಔಟ್‌ಪುಟ್ ಏರಬಹುದು. ಅದಕ್ಕೇ ಒಳ್ಳೆಯ ಕಂಪನಿಯವು ಓವರ್‌ವೋಲ್ಟೇಜ್ ಕಟಾಫ್ ಕೊಡುತ್ತವೆ. ಅಗ್ಗದ ಡಬ್ಬಿಯಲ್ಲಿ ಅದನ್ನು ನಂಬಬೇಡಿ, ಹೊರಗೆ ಒಂದು ಕ್ರೋಬಾರ್ ಹಾಕಿ.

ಆಂಪಿಯರ್ ಲೆಕ್ಕ ಸುಲಭ. 12 ವೋಲ್ಟ್ 30 ಆಂಪಿಯರ್ ಅಂದರೆ 360 ವ್ಯಾಟ್. ನೀವು ಅದನ್ನು 13.8ಕ್ಕೆ ಏರಿಸಿದಿರಿ. 360 ಭಾಗಿಸು 13.8, ಉತ್ತರ 26. ಅದೂ ಡಬ್ಬಿ ಮೇಲೆ ಬರೆದದ್ದು ಸತ್ಯ ಅಂತ ಇಟ್ಟುಕೊಂಡರೆ. ನಾನು ಅದರಿಂದ 20ಕ್ಕಿಂತ ಜಾಸ್ತಿ ಕೇಳಲ್ಲ.

ಡಲ್ಲಾಸ್_ಕನ್ನಡಿಗ

ಇಲ್ಲಿಯೂ ಇದೇ ಗೊಂದಲ. ಅಮೆರಿಕದಲ್ಲಿ ತುಂಬಾ ಶ್ಯಾಕ್‌ಗಳಲ್ಲಿ (ಹ್ಯಾಮ್‌ಗಳ ರೇಡಿಯೋ ಕೋಣೆ) ಆಸ್ಟ್ರಾನ್ ಆರ್‌ಎಸ್-35ಎ ಅನ್ನೋ ಲೀನಿಯರ್ ಇರುತ್ತದೆ. ಹೆಸರಲ್ಲಿ 35 ಇದೆ. ಆದರೆ ಅದು ಬಿಟ್ಟು ಬಿಟ್ಟು ಎಳೆಯುವಾಗಿನ ಸಂಖ್ಯೆ. ಬಿಡದೆ ಎಳೆದರೆ 25. ಆರ್‌ಎಸ್-20ಎ ಕೂಡ ಹಾಗೆ, ನಿರಂತರ ಲೆಕ್ಕಕ್ಕೆ 16 ಮಾತ್ರ. ಕಂಪನಿ ಇದನ್ನು ಮುಚ್ಚಿಡುವುದಿಲ್ಲ, ಕಾಗದದಲ್ಲಿ ಎರಡೂ ಬರೆದಿರುತ್ತದೆ. ನಾವು ಓದಲ್ಲ ಅಷ್ಟೇ. ಯಾವುದೇ ಸಪ್ಲೈ ಕೊಳ್ಳುವಾಗ "ಕಂಟಿನ್ಯುಯಸ್" ಅನ್ನುವ ಪದದ ಮುಂದಿನ ಸಂಖ್ಯೆಯನ್ನೇ ನೋಡಿ.

ನೀವು ಯಾವ ಮೋಡ್‌ನಲ್ಲಿ ಮಾತಾಡುತ್ತೀರಿ ಅನ್ನೋದೂ ಮುಖ್ಯ. ಎಸ್‌ಎಸ್‌ಬಿಯಲ್ಲಿ (ಮಾತಿನ ಮೋಡ್) ದನಿ ಏರಿಳಿಯುತ್ತದೆ, 20 ಆಂಪಿಯರ್ ಬರೀ ಪೀಕ್‌ನಲ್ಲಿ ಬರುತ್ತದೆ. ಎಫ್‌ಟಿ8 (ಕಂಪ್ಯೂಟರ್ ಮೂಲಕ ಕಳಿಸುವ ಡಿಜಿಟಲ್ ಮೋಡ್) ಆದರೆ ಪ್ರತಿ 15 ಸೆಕೆಂಡಿನ ಸರದಿಯಲ್ಲಿ 12.64 ಸೆಕೆಂಡ್ ಪೂರ್ತಿ ದಮ್ ಹಾಕಿ ಕಳಿಸುತ್ತದೆ. ಅಷ್ಟು ಹೊತ್ತು ಸಪ್ಲೈಗೂ ಸೆಟ್‌ಗೂ ಉಸಿರಾಡಲು ಬಿಡುವಿಲ್ಲ. ಎಫ್‌ಟಿ8ಗೆ ಪವರ್ ಅರ್ಧ ಮಾಡಿಕೊಳ್ಳಿ.

ಇನ್ನೊಂದು ಮಾತು. ಊರಿಗೆ ಬರುವವರ ಕೈಲಿ ಇಲ್ಲಿಂದ ಸಪ್ಲೈ ತರಿಸಬೇಡಿ. ಇಲ್ಲಿನ ಲೀನಿಯರ್‌ಗಳು ಸಾಮಾನ್ಯವಾಗಿ 115 ವೋಲ್ಟ್‌ಗೆ ಮಾಡಿದವು. ವಿಮಾನದಲ್ಲಿ ತೂಕ ಬೇರೆ.

ತಾಮ್ರದ_ತಂತಿ, ದಾವಣಗೆರೆ

ನಾನು ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ಸಪ್ಲೈ ಬಗ್ಗೆ ಎಲ್ಲರೂ ಹೇಳಿದಿರಿ, ವೈರ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ.

ಹುಡುಗರು ಮನೆ ವೈರಿಂಗಿನಲ್ಲಿ ಉಳಿದ 1.5 ಚದರ ಮಿಲಿಮೀಟರ್ ವೈರ್ ತಂದು ಸೆಟ್‌ಗೆ ಹಾಕುತ್ತಾರೆ. ಲೆಕ್ಕ ಮಾಡಿ. ಆ ವೈರ್‌ಗೆ ಮೀಟರ್‌ಗೆ ಸುಮಾರು 12 ಮಿಲಿಓಮ್. ಸಪ್ಲೈಯಿಂದ ಸೆಟ್‌ಗೆ 2 ಮೀಟರ್ ಅಂದರೆ ಹೋಗಿ ಬರೋಕೆ 4 ಮೀಟರ್, 48 ಮಿಲಿಓಮ್. 20 ಆಂಪಿಯರ್ ಹರಿದರೆ ಹತ್ತಿರ ಹತ್ತಿರ 1 ವೋಲ್ಟ್ ವೈರಿನಲ್ಲೇ ಹೋಯಿತು. 2.5ರ ವೈರ್ ಆದರೆ 0.6 ವೋಲ್ಟ್. 6ರ ವೈರ್ ಆದರೆ ಕಾಲು ವೋಲ್ಟ್ ಮಾತ್ರ. 6 ಚದರ ಮಿಲಿಮೀಟರ್ ಫ್ಲೆಕ್ಸಿಬಲ್ ತಗೊಳ್ಳಿ, ಎಷ್ಟು ಗಿಡ್ಡ ಮಾಡಲು ಸಾಧ್ಯವೋ ಅಷ್ಟು ಗಿಡ್ಡ ಮಾಡಿ. ತುದಿಗೆ ಲಗ್ ಹಾಕಿ ಕ್ರಿಂಪ್ ಮಾಡಿಸಿ. ಎಳೆಗಳನ್ನು ತಿರುಚಿ ಸ್ಕ್ರೂ ಕೆಳಗೆ ತುರುಕಿದರೆ ಆರು ತಿಂಗಳಲ್ಲಿ ಸಡಿಲ ಆಗುತ್ತದೆ, ಬಿಸಿ ಆಗುತ್ತದೆ.

ಸಪ್ಲೈ ಪರೀಕ್ಷೆ ಮಾಡೋಕೆ ಸೆಟ್ ಬಳಸಬೇಡಿ. ಆಟೋಮೊಬೈಲ್ ಅಂಗಡಿಗೆ ಹೋಗಿ 12 ವೋಲ್ಟಿನ ಎಚ್4 ಹೆಡ್‌ಲೈಟ್ ಬಲ್ಬ್ ನಾಲ್ಕು ತನ್ನಿ, 60/55 ವ್ಯಾಟಿಂದು. ಒಂದೊಂದರ 60 ವ್ಯಾಟ್ ತಂತು ಹೆಚ್ಚು ಕಮ್ಮಿ 5 ಆಂಪಿಯರ್ ಎಳೆಯುತ್ತದೆ. ನಾಲ್ಕೂ ಸಮಾನಾಂತರ ಜೋಡಿಸಿದರೆ 20 ಆಂಪಿಯರ್. ಒಂದೊಂದಾಗಿ ಸೇರಿಸುತ್ತಾ ಹೋಗಿ, ಯಾಕಂದ್ರೆ ತಣ್ಣಗಿರುವ ತಂತು ಶುರುವಿನಲ್ಲಿ ತುಂಬಾ ಜಾಸ್ತಿ ಎಳೆಯುತ್ತದೆ, ಎಸ್‌ಎಂಪಿಎಸ್ ಗಾಬರಿಯಾಗಿ ಆಫ್ ಆಗಬಹುದು. ಕಾವಲಿ ಹಾಗೆ ಬಿಸಿ ಆಗುವ ಬಲ್ಬ್, ಸಿಮೆಂಟ್ ನೆಲದ ಮೇಲೆ ಇಟ್ಟು ಮಾಡಿ. ಅರ್ಧ ಗಂಟೆ ಉರಿಸಿ ವೋಲ್ಟೇಜ್ ಎಷ್ಟು ಇಳಿಯಿತು ನೋಡಿ. ಮೀಟರನ್ನು ಎಸಿ ರೇಂಜಿಗೆ ಹಾಕಿ ರಿಪಲ್ ಕೂಡ ನೋಡಿ. ಸಾಮಾನ್ಯ ಮಲ್ಟಿಮೀಟರಿನ 10 ಆಂಪಿಯರ್ ಸಾಕೆಟ್‌ನಲ್ಲಿ ಮಾತ್ರ ಈ 20 ಆಂಪಿಯರ್ ಅಳೆಯಲು ಹೋಗಬೇಡಿ, ಕ್ಲಾಂಪ್ ಮೀಟರ್ ಬಳಸಿ.

ಮತ್ತೆ ಪರೀಕ್ಷೆಯನ್ನು ಸಂಜೆ ಮಾಡಿ. ಪಂಪ್ ಎಲ್ಲಾ ಓಡುತ್ತಿರುವಾಗ. ಬೆಳಗಿನ ಜಾವ ಎಲ್ಲಾ ಸಪ್ಲೈಗಳೂ ಚೆನ್ನಾಗೇ ಇರುತ್ತವೆ.

ಬೆಟ್ಟದ_ಮೇಲಿಂದ, ಮಂಗಳೂರು

ಬ್ಯಾಟರಿ ವಿಷಯ ನಾನು ಹೇಳುತ್ತೇನೆ. ರೇಡಿಯೋ ಹೊತ್ತು ಘಟ್ಟ ಹತ್ತುವವನು ನಾನು, ನನಗೆ ಬ್ಯಾಟರಿಯೇ ಬಂಧು.

ರೇಡಿಯೋದಲ್ಲಿ ಕೇಳಿಸುವ ಶಬ್ದದ ದೃಷ್ಟಿಯಿಂದ ಬ್ಯಾಟರಿಗಿಂತ ಶುದ್ಧವಾದ ಸಪ್ಲೈ ಇಲ್ಲ. ನಿಮ್ಮ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ 75 ಸಿಗುತ್ತದೆ. ಕಾಲು ಹೊತ್ತು ಮಾತು, ಮುಕ್ಕಾಲು ಹೊತ್ತು ಕೇಳುವುದು ಅಂತ ಇಟ್ಟುಕೊಂಡರೆ ಸರಾಸರಿ ಮೂರೂವರೆ ಆಂಪಿಯರ್ ಹತ್ತಿರ. ಇಪ್ಪತ್ತು ಗಂಟೆಗಿಂತ ಜಾಸ್ತಿ ನಡೆಯುತ್ತದೆ. ನಿಮ್ಮ ಎರಡು ದಿನದ ಕತ್ತಲೆಗೆ ಇದು ಚಿನ್ನ.

ಆದರೆ ತೊಂದರೆ ಎಲ್ಲಿ ಅಂದರೆ, ಅರ್ಧ ಖಾಲಿಯಾದ ಲೆಡ್-ಆಸಿಡ್ ಬ್ಯಾಟರಿ 12.2 ವೋಲ್ಟ್‌ಗೆ ಬಂದಿರುತ್ತದೆ. 20 ಆಂಪಿಯರ್ ಎಳೆದಾಗ ಇನ್ನೂ ಕುಸಿಯುತ್ತದೆ. ಮೇಲಿನ ಹಿರಿಯರು ಹೇಳಿದ ವೈರಿನ ನಷ್ಟ ಸೇರಿಸಿದರೆ ಸೆಟ್‌ಗೆ 11.5 ಸಿಗಬಹುದು. ಸೆಟ್‌ಗೆ ಬೇಕಾದ ಕನಿಷ್ಠ 11.7. ಆಗ ದನಿ ಒಡೆಯುತ್ತದೆ, ಸೆಟ್ ಆಫ್ ಕೂಡ ಆಗಬಹುದು. ಅದಕ್ಕೆ ಬ್ಯಾಟರಿ ಮೇಲಿದ್ದಾಗ 50 ವ್ಯಾಟ್‌ಗೆ ಇಳಿಸಿಕೊಳ್ಳಿ. ಆ ಕಡೆ ಕೇಳುವವರಿಗೆ ಅರ್ಧ ಎಸ್ ಯೂನಿಟ್ (ಸೆಟ್‌ನ ಸಿಗ್ನಲ್ ಮೀಟರಿನ ಅಳತೆ) ವ್ಯತ್ಯಾಸ, ಅಷ್ಟೇ.

ಇನ್ವರ್ಟರ್ ಮನೆಯ ಲೈಟು ಉರಿಸುತ್ತಿರುವಾಗ ಅದೇ ಬ್ಯಾಟರಿಯಿಂದ ಸೆಟ್ ಓಡಿಸಬೇಡಿ. ಇನ್ವರ್ಟರ್‌ನ ಸದ್ದು ವೈರ್ ಹಿಡಿದು ಸೆಟ್ ಒಳಗೆ ಬರುತ್ತದೆ. ನಡುವೆ ಒಂದು ಐಸೋಲೇಟರ್ ಸ್ವಿಚ್ ಹಾಕಿ ಇನ್ವರ್ಟರನ್ನು ಪೂರ್ತಿ ಬೇರೆ ಮಾಡಿ. ಮತ್ತೆ ಫ್ಯೂಸ್ ಇರಬೇಕಾದದ್ದು ಬ್ಯಾಟರಿ ಟರ್ಮಿನಲ್ ಪಕ್ಕದಲ್ಲೇ. ಸೆಟ್ ಹತ್ತಿರ ಮಾತ್ರ ಫ್ಯೂಸ್ ಇದ್ದು ಮಧ್ಯದ ವೈರ್ ಶಾರ್ಟ್ ಆದರೆ ಆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ವೈರ್ ಕೆಂಡವಾಗುತ್ತದೆ.

ಹೊಸದಾಗಿ ಕೊಳ್ಳುವುದಾದರೆ ಲಿಥಿಯಂ ಐರನ್ ಫಾಸ್ಫೇಟ್ ನೋಡಿ. ನಾಲ್ಕು ಸೆಲ್, 12.8 ವೋಲ್ಟ್, ಪೂರ್ತಿ ತುಂಬಿದಾಗ 14.6. ಸೆಟ್‌ಗೆ ಹೇಳಿ ಮಾಡಿಸಿದ ಹಾಗಿದೆ, ಕೊನೆಯವರೆಗೂ ವೋಲ್ಟೇಜ್ ಹೆಚ್ಚು ಇಳಿಯಲ್ಲ. ಅದರ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಎಷ್ಟು ಆಂಪಿಯರ್ ಬಿಡುತ್ತದೆ ಅಂತ ಕೇಳಿ. 20 ಆಂಪಿಯರ್ ಬಿಎಂಎಸ್ ಆದರೆ ನೂರು ವ್ಯಾಟ್‌ಗೆ ಟ್ರಿಪ್ ಆಗಬಹುದು. ಲ್ಯಾಪ್‌ಟಾಪ್, ಸ್ಕೂಟರ್ ಬ್ಯಾಟರಿಗಳ ಮಾಮೂಲಿ ಲಿಥಿಯಂ ಅಯಾನ್ ಸೆಲ್ ನಾಲ್ಕು ಸೇರಿಸಿದರೆ ಮಾತ್ರ ತುಂಬಿದಾಗ 16.8 ವೋಲ್ಟ್. ಅದು ಸೆಟ್‌ಗೆ ಜಾಸ್ತಿ. ಹೆಸರು ಎರಡೂ ಲಿಥಿಯಂ, ಗೊಂದಲ ಮಾಡಿಕೊಳ್ಳಬೇಡಿ.

2004ರ ಡಿಸೆಂಬರ್‌ನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಹವ್ಯಾಸಕ್ಕೆ ಅಂತ ಅಂಡಮಾನಿಗೆ ರೇಡಿಯೋ ಒಯ್ದಿತ್ತು. ಸುನಾಮಿ ಬಂದಾಗ ಅದೇ ರೇಡಿಯೋ ಪೋರ್ಟ್ ಬ್ಲೇರ್‌ನಿಂದ ಹೊರಗಿನವರಿಗೆ ಸುದ್ದಿ ಮುಟ್ಟಿಸಿತು. ನಮ್ಮ ಶ್ಯಾಕ್‌ನಲ್ಲೂ ಕರೆಂಟ್ ಇಲ್ಲದೆ ನಡೆಯುವ ಒಂದು ದಾರಿ ಇರಲೇಬೇಕು ಅಂತ ನಾನು ಹೇಳುವುದು ಇದಕ್ಕೇ.

ಎಸ್‌ಪಿ_ರೋಡ್_ಸಂಚಾರಿ, ಬೆಂಗಳೂರು

ಎಲ್ಲಾ ಸರಿ. ಆದರೆ ಎಸ್‌ಎಂಪಿಎಸ್ ಅಂದ ತಕ್ಷಣ ಶಬ್ದ ಅಂತ ಎಲ್ಲರೂ ಹೆದರುತ್ತಾರೆ. ನನ್ನದರಲ್ಲಿ ನನಗೆ ಏನೂ ಕೇಳಿಸಿಲ್ಲ.

ನಲವತ್ತು_ಮೀಟರ್, ಸಾಗರ

ನಿಮಗೆ ಕೇಳಿಸಿಲ್ಲ ಅಂದರೆ ಎರಡು ಕಾರಣ ಇರಬಹುದು ಅಣ್ಣ. ನಿಮ್ಮ ಪೀಸ್ ನಿಜಕ್ಕೂ ಚೆನ್ನಾಗಿರಬಹುದು. ಇಲ್ಲವೇ ಬೆಂಗಳೂರಿನ ಮನೆಯಲ್ಲಿ ಸುತ್ತಲಿನ ಎಲ್‌ಇಡಿ, ಚಾರ್ಜರ್, ಲಿಫ್ಟು ಎಲ್ಲಾ ಸೇರಿ ಆಗಲೇ ಎಸ್7 ಗದ್ದಲ ಇರಬಹುದು. ಆ ಗದ್ದಲದಲ್ಲಿ ಸಪ್ಲೈಯ ಸದ್ದು ಮುಳುಗಿಹೋಗುತ್ತದೆ. ನಮ್ಮ ತೋಟದ ಮನೆಯಲ್ಲಿ 40 ಮೀಟರ್ ರಾತ್ರಿ ಎಷ್ಟು ಶಾಂತ ಇರುತ್ತದೆ ಅಂದರೆ, ಒಂದು ಕೆಟ್ಟ ಚಾರ್ಜರ್ ಹಾಕಿದರೂ ಗೊತ್ತಾಗುತ್ತದೆ. ಆ ಶಾಂತಿ ನಮಗೆ ಸಿಕ್ಕಿರುವ ದೊಡ್ಡ ಆಸ್ತಿ. ಅಗ್ಗದ ಡಬ್ಬಿಗೆ ಅದನ್ನು ಕಳೆದುಕೊಳ್ಳಬಾರದು ಅನ್ನೋದೇ ನನ್ನ ಕಳಕಳಿ.

ಪರೀಕ್ಷೆ ಹೀಗೆ ಮಾಡಿ. ಸೆಟ್ಟನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಆಫ್ ಮಾಡಿ. 7.0ರಿಂದ 7.2 ಮೆಗಾಹರ್ಟ್ಜ್‌ವರೆಗೆ ನಿಧಾನ ತಿರುಗಿಸಿ, ಎಸ್ ಮೀಟರ್ ಬರೆದುಕೊಳ್ಳಿ. ಈಗ ಮೇನ್ ಹಾಕಿ, ಮನೆಯ ಬೇರೆ ಎಂಸಿಬಿ ಎಲ್ಲಾ ಕೆಳಗೇ ಇರಲಿ, ಎಸ್‌ಎಂಪಿಎಸ್ ಒಂದನ್ನೇ ಆನ್ ಮಾಡಿ. ಸೆಟ್‌ಗೆ ಅದನ್ನು ಜೋಡಿಸಬೇಡಿ, ಬಲ್ಬ್ ಲೋಡ್ ಹಾಕಿ. ಮತ್ತೆ ತಿರುಗಿಸಿ. ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುವ ಅಗಲವಾದ ಗುಂಯ್ ಸದ್ದು, ಅಲ್ಲಲ್ಲಿ ತೇಲುವ ಸಿಳ್ಳೆ, ಇವು ಸಪ್ಲೈಯವು. ಅಂಗಡಿಯಲ್ಲೇ ನೋಡಬೇಕಾದರೆ ಜೇಬಿನ ಟ್ರಾನ್ಸಿಸ್ಟರ್ ರೇಡಿಯೋ ಒಯ್ಯಿರಿ. ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ಇಟ್ಟು ಡಬ್ಬಿ ಹತ್ತಿರ ಹಿಡಿಯಿರಿ. ನಾಲ್ಕು ಡಬ್ಬಿಯಲ್ಲಿ ಯಾವುದು ಕಮ್ಮಿ ಕಿರುಚುತ್ತದೋ ಅದನ್ನು ತನ್ನಿ.

ಶಬ್ದ ಬಂದರೆ 31 ಮಿಕ್ಸ್ ಅನ್ನೋ ಜಾತಿಯ ಫೆರೈಟ್ ರಿಂಗ್ (ಶಬ್ದ ತಡೆಯುವ ಕಾಂತೀಯ ಬಳೆ) ದೊಡ್ಡದು ತಗೊಂಡು ಕರೆಂಟಿನ ಕೇಬಲ್ಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿ. ಡಿಸಿ ವೈರ್ ಎರಡನ್ನೂ ಜೊತೆಗೇ ಇನ್ನೊಂದು ರಿಂಗಿನಲ್ಲಿ ಸುತ್ತಿ. ಪ್ಲಸ್ ಒಂದನ್ನೇ ಸುತ್ತಿದರೆ ಡಿಸಿಗೇ ಫೆರೈಟ್ ತುಂಬಿಹೋಗಿ ಪ್ರಯೋಜನಕ್ಕೆ ಬರಲ್ಲ.

ಕ್ಯೂಆರ್‌ಪಿ_ಪ್ರೇಮಿ, ಮೈಸೂರು

ಒಂದು ಸಣ್ಣ ಮಾತು. ಎಲ್ಲರಿಗೂ 20 ಆಂಪಿಯರ್ ಬೇಡ. ನಾನು ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ರೂಪಿಸಿದ ಮೈಕ್ರೋಬಿಟ್‌ಎಕ್ಸ್ ಅನ್ನೋ ಕಮ್ಮಿ ಪವರಿನ ಸೆಟ್ ಬಳಸುತ್ತೇನೆ. 12 ವೋಲ್ಟ್, 3 ಆಂಪಿಯರ್ ಸಪ್ಲೈ ಸಾಕು. ಅಷ್ಟು ಸಣ್ಣದಾದರೆ ಲೀನಿಯರ್ ಕಟ್ಟುವುದು ಒಂದು ಭಾನುವಾರದ ಕೆಲಸ, ಬಿಸಿಯೂ ಕಮ್ಮಿ, ಶಬ್ದವೂ ಇಲ್ಲ. ಓದುತ್ತಿರುವ ಬೇರೆ ಹೊಸಬರಿಗೆ ಅಂತ ಹೇಳಿದೆ.

ಅಡಿಕೆ_ಚಪ್ಪರ, ಶಿರಸಿ ಹತ್ತಿರ

ಹದಿನೈದು ದಿನ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ನೀವು ಹೇಳಿದ್ದನ್ನೆಲ್ಲಾ ಒಂದೊಂದಾಗಿ ಮಾಡಿದೆ.

ಹಳೇ ಲೀನಿಯರ್ ತಂದು ಬಿಚ್ಚಿದೆ. ಸಾಗರದ ಸರ್ ಹೇಳಿದ ಹಾಗೆ ಕ್ರೋಬಾರ್ ಇರಲಿಲ್ಲ. ನಾಲ್ಕು ಬಲ್ಬ್ ಹಾಕಿದೆ. ಬೆಳಿಗ್ಗೆ 228 ವೋಲ್ಟ್ ಇದ್ದಾಗ 13.7 ಗಟ್ಟಿಯಾಗಿ ನಿಂತಿತು. ಸಂಜೆ ಏಳಕ್ಕೆ 187 ಇದ್ದಾಗ 12.6ಕ್ಕೆ ಬಂತು, ಎಸಿ ರೇಂಜಿನಲ್ಲಿ ಅರ್ಧ ವೋಲ್ಟ್ ಮೇಲೆ ರಿಪಲ್. ಬೆಳಿಗ್ಗೆಯ ಅರ್ಧ ಗಂಟೆಗೆ ಹೀಟ್‌ಸಿಂಕ್ ಮುಟ್ಟಲು ಆಗುತ್ತಿರಲಿಲ್ಲ. ಲೆಕ್ಕದಲ್ಲಿ ಹೇಳಿದ್ದು ಕಣ್ಣ ಮುಂದೆ ಹಾಗೇ ನಡೆಯಿತು.

ಆಮೇಲೆ ಬೆಂಗಳೂರಿಗೆ ಹೋದಾಗ ಎಸ್‌ಎಂಪಿಎಸ್ ಎರಡು ನೋಡಿದೆ. ಒಂದರ ಒಳಗೆ ತೂತಿನಿಂದ ಇಣುಕಿದರೆ ಇನ್‌ಪುಟ್ ಫಿಲ್ಟರ್ ಕಾಯಿಲ್ ಇರಬೇಕಾದ ಜಾಗದಲ್ಲಿ ಬರೀ ಎರಡು ತುಂಡು ವೈರ್ ಹಾಕಿದ್ದರು. ಅದನ್ನು ಬಿಟ್ಟು ಕಾಯಿಲ್ ಇದ್ದದ್ದನ್ನು ತಂದೆ, ಸ್ವಲ್ಪ ಜಾಸ್ತಿ ದುಡ್ಡಾಯಿತು. ನಾಲ್ಕು ಬಲ್ಬ್ ಹಾಕಿ ಸಂಜೆ ಅರ್ಧ ಗಂಟೆ ಓಡಿಸಿದರೂ 13.8 ಇದ್ದದ್ದು 13.7. ಶಬ್ದದ ಪರೀಕ್ಷೆಯಲ್ಲಿ ಮೇನ್ ಆಫ್ ಇದ್ದಾಗ ಎಸ್2, ಸಪ್ಲೈ ಹಾಕಿದಾಗ ಕೆಲವು ಕಡೆ ಎಸ್6.

ಇನ್ನೊಂದು ವಿಷಯ. ಡಬ್ಬಿಯ ತಗಡು ಮುಟ್ಟಿದರೆ ಕೈ ಝುಂ ಅನ್ನುತ್ತದೆ. ಟೆಸ್ಟರ್ ಕೂಡ ಹೊತ್ತುತ್ತದೆ. ಹಾಳಾದ ಪೀಸ್ ಕೊಟ್ಟರಾ?

ತಾಮ್ರದ_ತಂತಿ, ದಾವಣಗೆರೆ

ಪೀಸ್ ಬಗ್ಗೆ ಆಮೇಲೆ, ಮೊದಲು ನಿಮ್ಮ ಮನೆಯ ಅರ್ಥಿಂಗ್ ನೋಡಿ. ಎಸ್‌ಎಂಪಿಎಸ್‌ನ ಫಿಲ್ಟರ್‌ನಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಡಬ್ಬಿಗೆ ಬಂದಿರುತ್ತದೆ. ಅರ್ಥ್ ಸೇರಿದ್ದರೆ ಆ ಸಣ್ಣ ಕರೆಂಟ್ ಭೂಮಿಗೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಡಬ್ಬಿ ಮೇಲೆ 115 ವೋಲ್ಟ್ ಹತ್ತಿರ ನಿಂತಿರುತ್ತದೆ. ಕರೆಂಟ್ ಬಹಳ ಕಮ್ಮಿ, ಆದರೂ ಹಾಗೇ ಬಿಡುವಂಥದ್ದಲ್ಲ. ಯಾಕಂದ್ರೆ ನಾಳೆ ನಿಜಕ್ಕೂ ಫೇಸ್ ಡಬ್ಬಿಗೆ ತಗುಲಿದರೆ ಕಾಪಾಡಬೇಕಾದದ್ದು ಆ ಅರ್ಥೇ.

ಸಾಕೆಟ್‌ನಲ್ಲಿ ಫೇಸಿಗೂ ಅರ್ಥಿಗೂ ನಡುವೆ ಅಳೆಯಿರಿ. ಫೇಸಿಗೂ ನ್ಯೂಟ್ರಲ್‌ಗೂ ಎಷ್ಟು ಬರುತ್ತದೋ ಹತ್ತಿರ ಹತ್ತಿರ ಅಷ್ಟೇ ಬರಬೇಕು. ಬರದಿದ್ದರೆ ಮೂರನೇ ಪಿನ್ ಎಲ್ಲೋ ಕಡಿದಿದೆ. ಬಂದರೂ ಮೀಟರ್ ಎಳೆಯುವ ಕರೆಂಟ್ ತೀರಾ ಕಮ್ಮಿ, ಅದೊಂದನ್ನೇ ನಂಬಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಗುಂಡಿ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಅಲ್ಲಿಯವರೆಗೆ ಆ ಡಬ್ಬಿ ಮುಟ್ಟಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಪ್ಲಗ್ಗನ್ನೇ ಕಿತ್ತಿಡಿ.

ನಲವತ್ತು_ಮೀಟರ್, ಸಾಗರ

ಎಸ್2ರಿಂದ ಎಸ್6 ಅಂದರೆ 24 ಡಿಬಿ, ಸಣ್ಣದಲ್ಲ. ಆದರೆ ಅರ್ಥ್ ಇಲ್ಲದಿದ್ದಾಗ ಫಿಲ್ಟರ್ ಕೂಡ ಅರ್ಧ ಕೆಲಸ ಮಾಡುತ್ತದೆ. ಅರ್ಥ್ ಸರಿ ಮಾಡಿಸಿ, ಫೆರೈಟ್ ಹಾಕಿ, ಮತ್ತೆ ಅಳೆಯಿರಿ. ಆ ಹಳೇ ಲೀನಿಯರ್‌ಗೆ ಕ್ರೋಬಾರ್ ನಾನು ಕಟ್ಟಿಕೊಡುತ್ತೇನೆ, ಸಾಗರಕ್ಕೆ ಬಂದಾಗ ತನ್ನಿ. ಆಗಲೇ ನಿಮ್ಮ ಎಸ್‌ಎಂಪಿಎಸ್‌ಗೂ ಒಂದು ಮಾಡೋಣ.

ಅಡಿಕೆ_ಚಪ್ಪರ, ಶಿರಸಿ ಹತ್ತಿರ

ಅರ್ಥ್ ವೈರ್ ಮೀಟರ್ ಬೋರ್ಡಿನ ಹತ್ತಿರವೇ ಕಡಿದುಹೋಗಿತ್ತು! ಎಷ್ಟು ವರ್ಷದಿಂದ ಹಾಗಿತ್ತೋ. ಮನೆಯಲ್ಲಿ ಗೀಸರ್, ಮಿಕ್ಸಿ, ವಾಷಿಂಗ್ ಮೆಷಿನ್ ಎಲ್ಲಾ ಅದೇ ಅರ್ಥ್ ನಂಬಿಕೊಂಡಿದ್ದವು. ದಾವಣಗೆರೆ ಸರ್, ನಮ್ಮ ಅಮ್ಮ ನಿಮಗೆ ವಿಶೇಷವಾಗಿ ಧನ್ಯವಾದ ಹೇಳಲು ಹೇಳಿದ್ದಾರೆ.

ಹೊಸ ಗುಂಡಿ ತೆಗೆಸಿ, ಆರ್‌ಸಿಸಿಬಿ ಹಾಕಿಸಿ ಆಯಿತು. ಡಬ್ಬಿ ಈಗ ತಣ್ಣಗಿದೆ. ಎರಡು ಕಡೆ ಫೆರೈಟ್ ಸುತ್ತಿದ ಮೇಲೆ ಶಬ್ದ ಎಸ್3ಕ್ಕೆ ಬಂದಿದೆ. 7.1ರ ಮೇಲೆ ಒಂದೇ ಒಂದು ಸಿಳ್ಳೆ ಉಳಿದಿದೆ. ಸಾಗರಕ್ಕೆ ಹೋಗಿ ಕ್ರೋಬಾರ್ ಹಾಕಿಸಿಕೊಂಡು ಬಂದೆ. ಸರ್ ಮನೆಯಲ್ಲಿ ಊಟ ಮಾಡಿಸಿಯೇ ಕಳಿಸಿದರು. ಹೊರಗಿನಿಂದ ವೋಲ್ಟೇಜ್ ನಿಧಾನ ಏರಿಸಿ ತೋರಿಸಿದರು, 15.1ಕ್ಕೆ ಟಪ್ ಅಂತ ಹಿಡಿಯಿತು.

ಈಗ ವ್ಯವಸ್ಥೆ ಹೀಗಿದೆ: ದಿನದ ಬಳಕೆಗೆ ಎಸ್‌ಎಂಪಿಎಸ್. ರಾತ್ರಿ ದೂರದ ಸಣ್ಣ ಸಿಗ್ನಲ್ ಕೇಳಬೇಕಾದಾಗ ಮತ್ತು ಕರೆಂಟ್ ಇಲ್ಲದಾಗ ಐಸೋಲೇಟರ್ ತಿರುಗಿಸಿ ಬ್ಯಾಟರಿ, 50 ವ್ಯಾಟ್. ಲೀನಿಯರ್ ಅನ್ನು ಬೆಳಗಿನ ಹೊತ್ತು ಬೆಂಚಿನ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ವೈರ್ 6 ಚದರ ಮಿಲಿಮೀಟರ್, ಒಂದೂವರೆ ಮೀಟರ್.

ನಿನ್ನೆ ಬೆಳಿಗ್ಗೆ 40 ಮೀಟರ್‌ನಲ್ಲಿ ಮೊದಲ ಸಲ ಪಿಟಿಟಿ (ಮೈಕಿನ ಮಾತಾಡುವ ಗುಂಡಿ) ಒತ್ತಿದೆ. ಕೈ ನಡುಗುತ್ತಿತ್ತು. ಮಧುರೆಯಿಂದ ಒಬ್ಬರು ಉತ್ತರ ಕೊಟ್ಟರು. 59 (ಸ್ಪಷ್ಟ, ಬಲವಾದ ಸಿಗ್ನಲ್), ಆಡಿಯೋ ಕ್ಲೀನ್, ಹಮ್ ಇಲ್ಲ ಅಂದರು.

ಬೆಟ್ಟದ_ಮೇಲಿಂದ, ಮಂಗಳೂರು

ಬಹಳ ಸಂತೋಷ! ಆ ಒಂದು ಸಿಳ್ಳೆ ಎಸ್‌ಎಂಪಿಎಸ್ ಆಫ್ ಮಾಡಿದಾಗಲೂ ಇದೆಯಾ ನೋಡಿ. ಇದ್ದರೆ ಅದು ಸಪ್ಲೈಯದ್ದಲ್ಲ, ಮನೆಯ ಯಾವುದೋ ಚಾರ್ಜರ್‌ದು. ಎಂಸಿಬಿ ಒಂದೊಂದಾಗಿ ಇಳಿಸಿ ಹುಡುಕಿ.

ಅಡಿಕೆ_ಚಪ್ಪರ, ಶಿರಸಿ ಹತ್ತಿರ

ಸಿಕ್ಕಿತು. ವೈಫೈ ರೂಟರಿನ ಅಡಾಪ್ಟರ್. ನಾಳೆ ಪೇಟೆಗೆ ಹೋಗುವಾಗ ಟ್ರಾನ್ಸಿಸ್ಟರ್ ರೇಡಿಯೋ ಜೇಬಿಗೆ ಹಾಕಿಕೊಂಡು ಹೋಗಿ ಬೇರೆ ತರುತ್ತೇನೆ.